ಒಳಗೆ ಬೆಂದ ಗಡ್ಡೆ

ಪುಟ್ಟಲಕ್ಷ್ಮಿಗೆ ಒಂದು ಚಟವಿತ್ತು. ಕಾಫಿಯದಲ್ಲ, ಧಾರಾವಾಹಿಯದಲ್ಲ, ‘ಯಾಕೆ’ ಅಂತ ಕೇಳುವ ಚಟ. ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸಕ್ಕೆ ಈ ಚಟ ಬೇಕಾಗಿಯೇ ಇರಲಿಲ್ಲ. ಆಸ್ಪತ್ರೆಗಳಿಂದ ಡಬ್ಬಿಗಳಲ್ಲಿ ಬರುವ ಮಾಂಸದ ತುಂಡುಗಳನ್ನು ಮೇಣದಲ್ಲಿ ಕೂರಿಸಬೇಕು, ಯಂತ್ರಕ್ಕೆ ಕೊಟ್ಟು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯಬೇಕು, ಗಾಜಿನ ಮೇಲೆ ಹರಡಿ ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿನ ಪಕ್ಕ ಇಡಬೇಕು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಆಮೇಲೆ ನೋಡುವುದು, ಹೇಳುವುದು, ಸಹಿ ಹಾಕುವುದು ಎಲ್ಲ ಡಾಕ್ಟರ್ ಗಿರಿರಾಜರ ಪಾಲಿನದು. ಆದರೆ ಕೊಯ್ದವಳಿಗೆ ತಾನು ಕೊಯ್ದದ್ದು ಏನು ಅಂತ ತಿಳಿಯಬೇಡವೇ? ಸಂಜೆ ಬ್ಯಾಗು ಹೆಗಲಿಗೇರಿಸಿಕೊಂಡ ಮೇಲೂ ಅವಳು ಡಾಕ್ಟರ ಬಾಗಿಲಲ್ಲಿ ನಿಂತು, “ಸಾರ್, ಆ ಥೈರಾಯ್ಡು ಏನಾಯ್ತು?” ಅಂತ ಕೇಳದೆ ಮನೆಗೆ ಹೋದವಳಲ್ಲ.

ಒಂದು ಮಂಗಳವಾರ ವಿಜಯನಗರದ ನರ್ಸಿಂಗ್ ಹೋಮಿನಿಂದ ಒಂದು ಡಬ್ಬಿ ಬಂತು. ಒಳಗೆ, ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ನಿನಲ್ಲಿ ಮುಳುಗಿದ ದೊಡ್ಡ ಮೂಸಂಬಿ ಗಾತ್ರದ ಗಡ್ಡೆ. ಜೊತೆಗಿದ್ದ ಫಾರಂನಲ್ಲಿ ಹೆಸರು ವಚನಾ, ವಯಸ್ಸು ಮೂವತ್ತನಾಲ್ಕು, ಗರ್ಭಕೋಶದ ಫೈಬ್ರಾಯ್ಡ್, ಆಪರೇಷನ್ ಮಾಡಿದವರು ಡಾಕ್ಟರ್ ನಿಖಿತಾ ಅಂತಿತ್ತು. ‘ಹಿಂದೆ ಮಾಡಿಸಿದ ಚಿಕಿತ್ಸೆ’ ಎಂಬಲ್ಲಿ ‘ಯಾವುದೂ ಇಲ್ಲ’ ಅಂತ ದುಂಡಗೆ ಬರೆದಿತ್ತು.

ಫೈಬ್ರಾಯ್ಡು ಪುಟ್ಟಲಕ್ಷ್ಮಿಗೆ ಹೊಸದಲ್ಲ. ಗರ್ಭಕೋಶದ ಗೋಡೆಯಲ್ಲಿ ಬೆಳೆಯುವ ಮಾಂಸದ ಗಂಟು ಅದು. ರಕ್ತಸ್ರಾವ, ನೋವು ಅಂತ ಹೆಂಗಸರ ಪ್ರಾಣ ತಿನ್ನುತ್ತದೆ, ಆದರೆ ಬಹುಮಟ್ಟಿಗೆ ಕ್ಯಾನ್ಸರಿನ ಜಾತಿಯಲ್ಲ. ವಾರಕ್ಕೆ ಐದಾರು ಬರುತ್ತಿದ್ದವು. ಕೊಯ್ದರೆ ಒಳಗೆ ಬೆಳ್ಳಗೆ, ನೂಲಿನ ಉಂಡೆಯ ಹಾಗೆ ಸುರುಳಿ ಸುರುಳಿ. ಚಾಕು ಹಾಕಿದ ಕೂಡಲೇ ಕೊಯ್ದ ಮುಖ ಉಬ್ಬಿಕೊಂಡು ಮೇಲಕ್ಕೆ ಬರುತ್ತದೆ. ಕಣ್ಣು ಕಟ್ಟಿಕೊಂಡು ಕೊಯ್ದರೂ ಇದು ಫೈಬ್ರಾಯ್ಡು ಅಂತ ಹೇಳಬಲ್ಲೆ ಅಂತ ಅವಳಿಗೊಂದು ಜಂಬ ಬೇರೆ.

ಈ ಗಡ್ಡೆ ಅವಳ ಜಂಬ ಇಳಿಸಿತು. ಡಾಕ್ಟರ್ ಗಿರಿರಾಜ್ ಅದನ್ನು ಎರಡು ಹೋಳು ಮಾಡಿದರು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಪುಟ್ಟಲಕ್ಷ್ಮಿ ಬಗ್ಗಿ ನೋಡಿದಳು. ಹೊರಗೆ ಬೆರಳು ದಪ್ಪದ ಒಂದು ಅಂಚು ಎಂದಿನಂತೆ ಬೆಳ್ಳಗೆ ಉಬ್ಬಿತ್ತು. ಅದರ ಒಳಗೆ ತೆಳ್ಳನೆಯ ಕೆಂಪು ಗೆರೆ. ಅದರೊಳಗೆ, ಅಂದರೆ ಗಡ್ಡೆಯ ಮುಕ್ಕಾಲು ಪಾಲು, ಸಾಸಿವೆ ಗೊಜ್ಜಿನ ಬಣ್ಣಕ್ಕೆ ತಿರುಗಿ, ಒಣಗಿ, ಅಲ್ಲಾಡದೆ ತಣ್ಣಗೆ ಕೂತಿತ್ತು. ಅವಳು ಬೆರಳಿನಿಂದ ಒತ್ತಿದಳು. ಅಂಚು ರಬ್ಬರಿನಂತೆ ಪುಟಿಯಿತು, ಮಧ್ಯಭಾಗ ಪುಟಿಯಲಿಲ್ಲ.

“ಏನ್ ಸಾರ್ ಇದು?”

“ಒಳಗೆ ಸತ್ತಿದೆ. ರಕ್ತ ಸಾಲದೆ ಹೋದ್ರೆ ಹಿಂಗಾಗುತ್ತೆ,” ಅಂದರು ಡಾಕ್ಟರು. ಆದರೆ ಅವರ ಹುಬ್ಬು ಇಳಿಯಲಿಲ್ಲ.

ಗುರುವಾರ ಸ್ಲೈಡುಗಳು ತಯಾರಾದವು. ಡಾಕ್ಟರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಒಂದು ಗಂಟೆಯಾದರೂ ಏಳಲಿಲ್ಲ. ಟೀ ಆರಿ ಕೆನೆ ಕಟ್ಟಿತು. ಪುಟ್ಟಲಕ್ಷ್ಮಿ ಮೂರು ಸಲ ಏನೋ ನೆಪ ಮಾಡಿಕೊಂಡು ಒಳಗೆ ಹೋಗಿ ಬಂದಳು. ನಾಲ್ಕನೇ ಸಲಕ್ಕೆ ಅವರೇ ತಲೆ ಎತ್ತಿದರು.

“ಕೇಳಿ ಪುಟ್ಟಲಕ್ಷ್ಮಮ್ಮ, ಸುಮ್ನೆ ಓಡಾಡಬೇಡಿ. ಏನು ಬೇಕು?”

“ಅದೇ ಸಾರ್, ಆ ವಚನಾ ಅನ್ನೋರ ಗಡ್ಡೆ...”

“ಸರಿಯಿಲ್ಲ,” ಅಂದರು ಅವರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಬಿಡಿಸಿ ಹೇಳಿದರು. ಗಡ್ಡೆಯಲ್ಲಿ ಜೀವಂತ ಜೀವಕೋಶಗಳ ಪಕ್ಕದಲ್ಲೇ, ಗೆರೆ ಎಳೆದ ಹಾಗೆ, ಸತ್ತ ಜೀವಕೋಶಗಳ ರಾಶಿ ಇದ್ದರೆ ಅದು ಕೆಟ್ಟ ಜಾತಿಯ ಗಡ್ಡೆಯ ಒಂದು ಗುರುತು. ಉಳಿದ ಗುರುತುಗಳು ಇಲ್ಲಿ ಕಾಣುತ್ತಿಲ್ಲ. ಜೀವಂತ ಅಂಚು ಸಾಧುವಾಗಿಯೇ ಇದೆ. ಆದರೆ ಇದೊಂದು ಗುರುತನ್ನು ಕಂಡೂ ಕಾಣದಂತೆ ಬಿಡುವ ಹಾಗಿಲ್ಲ. “ಕ್ಯಾನ್ಸರ್ ಅಂತ ಬರೆಯೋಕಾಗಲ್ಲ, ಅಲ್ಲ ಅಂತಾನೂ ಬರೆಯೋಕಾಗಲ್ಲ. ಖಚಿತವಾಗಿ ಹೇಳಕ್ಕಾಗಲ್ಲ, ಅನುಮಾನ ಇದೆ ಅಂತ ಬರೀಬೇಕು.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.”

“ಹೌದು. ಆದ್ರೆ ಆ ದೀಪದಲ್ಲಿ ಆ ಹುಡುಗಿ ಗರ್ಭಕೋಶ ಸುಟ್ಟುಹೋಗುತ್ತೆ,” ಅಂದರು ಡಾಕ್ಟರು, ಬೇಸರದಿಂದ. ಪುಟ್ಟಲಕ್ಷ್ಮಿಯ ಎದುರಿಗೇ ಅವರು ಡಾಕ್ಟರ್ ನಿಖಿತಾಗೆ ಫೋನು ಮಾಡಿದರು. ಪುಟ್ಟಲಕ್ಷ್ಮಿ ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಒದ್ದೆಯಿಲ್ಲದ ಮೇಜನ್ನು ಒರೆಸುತ್ತ ನಿಂತಳು. ಆ ಕಡೆಯ ದನಿ ಕೇಳುವಷ್ಟು ಗಟ್ಟಿಯಾಗಿತ್ತು. ವಚನಾಗೆ ಮಕ್ಕಳಿಲ್ಲ, ಮಕ್ಕಳು ಬೇಕು, ಅದಕ್ಕೇ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ಗರ್ಭಕೋಶ ಉಳಿಸಿದ್ದೇನೆ ಅಂದಳು ನಿಖಿತಾ. ಹಿಂದೆ ಬೇರೆ ಯಾವ ಚಿಕಿತ್ಸೆಯೂ ಆಗಿಲ್ಲ, ನಾನೇ ಎರಡು ಸಲ ಕೇಳಿದ್ದೇನೆ ಅಂದಳು. ಅನುಮಾನ ಅಂತ ರಿಪೋರ್ಟು ಬಂದರೆ ಕ್ಯಾನ್ಸರ್ ಸರ್ಜನ್ ಒಬ್ಬರ ಕೈಲಿ ಸೋಮವಾರವೇ ಗರ್ಭಕೋಶ ತೆಗೆಸಬೇಕಾಗುತ್ತದೆ ಅಂದಳು. ಕಡೆಗೆ, “ಸಾರ್, ಅವಳು ನಮ್ಮ ಮನೆಯವಳೇ. ಇನ್ನೊಂದು ಸಲ ನೋಡಿ ಸಾರ್,” ಅಂದಳು. ಆಗ ಅವಳ ದನಿ ಡಾಕ್ಟರ ದನಿಯಾಗಿ ಉಳಿದಿರಲಿಲ್ಲ.

“ನಾಳೆ ಸಂಜೆವರೆಗೂ ನೋಡ್ತೀನಿ,” ಅಂದರು ಗಿರಿರಾಜ್.

ಆ ರಾತ್ರಿ ಪುಟ್ಟಲಕ್ಷ್ಮಿಗೆ ಅತ್ತಿಗುಪ್ಪೆಯ ಮನೆಯಲ್ಲಿ ಮರುದಿನಕ್ಕೆ ಇಡ್ಲಿ ಹಿಟ್ಟು ಕಲೆಸುವಾಗಲೂ ಸಾಸಿವೆ ಬಣ್ಣದ ಆ ಹೋಳೇ ಕಣ್ಣ ಮುಂದೆ. ಶುಕ್ರವಾರ ಬೆಳಿಗ್ಗೆ ಅವಸರಕ್ಕೆ ಇಡ್ಲಿ ಬೇಗ ಇಳಿಸಿಬಿಟ್ಟಳು. ಗಂಡ ಪುರುಷೋತ್ತಮ ಒಂದನ್ನು ಮುರಿದು ನೋಡಿ, “ಲೇ, ಹೊರಗೆ ಬೆಂದಿದೆ, ಒಳಗೆ ಹಿಟ್ಟು ಹಿಟ್ಟಾಗಿದೆ ಕಣೇ,” ಅಂದ.

“ಮತ್ತೆ ಹೊರಗಿಂದ ತಾನೇ ಬೇಯೋದು...” ಅಂದವಳು ಅಲ್ಲೇ ನಿಂತುಬಿಟ್ಟಳು.

ಇಡ್ಲಿಯಾಗಲಿ, ಬದನೆಕಾಯಿಯಾಗಲಿ, ಗೆಣಸಾಗಲಿ, ಶಾಖ ಹೊರಗಿನಿಂದ ಒಳಕ್ಕೆ ಹೋಗಬೇಕು. ಮೊದಲು ಹೊರಗೆ ಬೇಯಬೇಕು, ಕಡೆಗೆ ಒಳಗೆ. ಆ ಗಡ್ಡೆಯಲ್ಲಿ ಒಳಗೆ ಬೆಂದಿತ್ತು, ಹೊರಗೆ ಹಸಿಯಾಗಿತ್ತು. ಬೆಂದೇ ಇತ್ತು ಅದು. ರಕ್ತ ಸಾಲದೆ ಸತ್ತ ಮಾಂಸವನ್ನು ಅವಳು ಬೇಕಾದಷ್ಟು ಕೊಯ್ದಿದ್ದಳು. ಅದು ಮೆತ್ತಗಾಗಿ, ಕೊಳೆತು, ಬ್ಲೇಡಿಗೆ ಅಂಟಿಕೊಂಡು ಜೀವ ತಿನ್ನುತ್ತದೆ. ಇದು ಹಾಗೆ ಮಾಡಿರಲಿಲ್ಲ. ಪನ್ನೀರಿನ ಹಾಗೆ ಗಟ್ಟಿಯಾಗಿ, ಒಂದೇ ಸಮ ಕೊಯ್ಯಿಸಿಕೊಂಡಿತ್ತು. ಬ್ಲೇಡು ಹಿಡಿದ ಕೈ ಇಪ್ಪತ್ತಾರು ವರ್ಷದ ಕೈ. ಅದು ಸುಳ್ಳು ಹೇಳುತ್ತದೆಯೇ?

“ರೀ, ತಿನ್ನಿ, ಏನಾಗಲ್ಲ,” ಅಂತ ಗಂಡನಿಗೆ ಹಸಿ ಇಡ್ಲಿಯನ್ನೇ ಬಡಿಸಿ ಅವಳು ಆಟೋ ಹಿಡಿದಳು.

ಲ್ಯಾಬಿನಲ್ಲಿ ಗಿರಿರಾಜ್ ಆಗಲೇ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ ಪುಟ್ಟಲಕ್ಷ್ಮಿ, “ಸಾರ್, ನಾನು ಓದಿದವಳಲ್ಲ, ಬೈಬೇಡಿ. ಆ ಗಡ್ಡೆ ಸತ್ತಿರೋದಲ್ಲ, ಬೇಯಿಸಿರೋದು. ಅದೂ ಒಳಗಿಂದ ಬೇಯಿಸಿದಾರೆ. ಹೊರಗೆ ಹಸಿ ಇದೆ. ಇಂಥ ಇಡ್ಲಿ ಪ್ರಪಂಚದಲ್ಲಿ ಎಲ್ಲಿದೆ ಹೇಳಿ?” ಅಂದಳು.

ಡಾಕ್ಟರು ಬೈಯಲಿಲ್ಲ. ಮೊದಲು ನಗುವ ಹಾಗೆ ಮಾಡಿದರು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. “ಅದಕ್ಕೇ...” ಅಂತ ತಮ್ಮಷ್ಟಕ್ಕೇ ಅಂದುಕೊಂಡರು. “ನಡುಮಧ್ಯದ ಜೀವಕೋಶಗಳು ಸತ್ತ ಹಾಗೇ ಕಾಣ್ತಿಲ್ಲ, ಅದೇ ನನಗೆ ನಿನ್ನೆಯಿಂದ ತಲೆ ತಿಂತಿರೋದು. ಆಕಾರ ಹಾಗೇ ಇದೆ, ನ್ಯೂಕ್ಲಿಯಸ್ ಇದೆ, ಬಣ್ಣ ಮಾತ್ರ ಮಂಕು. ತಾನಾಗೇ ಸತ್ತಿದ್ರೆ ಕೊಳೆತು ಕರಗಿಹೋಗ್ಬೇಕಿತ್ತು. ಬಿಸಿಗೆ ಒಂದೇ ಏಟಿಗೆ ಸತ್ತರೆ, ಕೊಳೆಸೋ ರಸಾನೂ ಅದರ ಜೊತೆಗೇ ಸಾಯುತ್ತೆ. ಬೇಯಿಸಿದ ಮೊಟ್ಟೆ ಇದ್ದ ಹಾಗೇ ಇರುತ್ತಲ್ಲ, ಹಾಗೆ.”

“ಹೊಟ್ಟೆ ಕೊಯ್ಯದೆ ಒಳಗಿರೋದನ್ನ ಬೇಯಿಸಕ್ಕಾಗುತ್ತಾ ಸಾರ್?”

“ಆಗುತ್ತೆ. ಭೂತಕನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡ್ತಿರ್ಲಿಲ್ವಾ ಚಿಕ್ಕವರಿದ್ದಾಗ? ಕನ್ನಡಿ ಬಿಸಿಯಾಗಲ್ಲ, ನಡುವಿನ ಗಾಳಿ ಬಿಸಿಯಾಗಲ್ಲ, ಬಿಸಿಲು ಒಟ್ಟಾಗೋ ಜಾಗ ಮಾತ್ರ ಸುಡುತ್ತೆ. ಅದೇ ರೀತಿ ಸ್ಕ್ಯಾನಿಂಗಿನ ಶಬ್ದದ ಅಲೆಗಳನ್ನ ಒಂದು ಚುಕ್ಕೆಗೆ ತಂದು ಸೇರಿಸ್ತಾರೆ. ಫೋಕಸ್ಡ್ ಅಲ್ಟ್ರಾಸೌಂಡ್ ಅಂತ. ಚರ್ಮಕ್ಕೆ ಏನೂ ಆಗಲ್ಲ, ಒಳಗೆ ಗಡ್ಡೆ ಬೇಯುತ್ತೆ. ಸುತ್ತಲಿನ ಗರ್ಭಕೋಶಕ್ಕೆ ಶಾಖ ತಾಗದೇ ಇರ್ಲಿ ಅಂತ ಗಡ್ಡೆ ಅಂಚನ್ನ ಹಾಗೇ ಬಿಡ್ತಾರೆ. ಹೊರಗೆ ಹಸಿ, ಒಳಗೆ ಬೆಂದಿದ್ದು.”

“ಹಾಗಾದ್ರೆ ಅದೇ ಸಾರ್!”

“ಅದೇ ಅಂತ ನಾನೂ ನೀವೂ ಅಂದ್ಕೊಂಡ್ರೆ ಆಯ್ತಾ? ಫಾರಂ ನೋಡಿ. ಯಾವುದೂ ಇಲ್ಲ. ಡಾಕ್ಟರು ಎರಡು ಸಲ ಕೇಳಿದಾರೆ, ಇಲ್ಲ ಅಂದಿದಾರೆ. ನನ್ನ ಊಹೆ ಮೇಲೆ ಇದು ಕ್ಯಾನ್ಸರ್ ಅಲ್ಲ ಅಂತ ಸಹಿ ಹಾಕಿ, ನಾಳೆ ಅದು ಕ್ಯಾನ್ಸರೇ ಆಗಿದ್ರೆ ಆ ಹುಡುಗಿ ಸಾಯ್ತಾಳೆ ಪುಟ್ಟಲಕ್ಷ್ಮಮ್ಮ.”

ಡಾಕ್ಟರು ಮತ್ತೆ ನಿಖಿತಾಗೆ ಫೋನು ಮಾಡಿದರು. ಆಕೆ ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಮಧ್ಯಾಹ್ನ ಸಿಗುತ್ತಾರೆ ಅಂದರು ನರ್ಸು. ಆದರೆ ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ವಚನಾ ರಿಪೋರ್ಟಿಗೆ ಬರಲೇಬೇಕಲ್ಲ ಅಂತ ಪುಟ್ಟಲಕ್ಷ್ಮಿ ರಿಸೆಪ್ಷನ್ ಹುಡುಗಿಯ ಕಿವಿಯಲ್ಲಿ ಒಂದು ಮಾತು ಹಾಕಿಟ್ಟಳು. ಹನ್ನೊಂದು ಗಂಟೆಗೆ ಆ ಹುಡುಗಿ ಒಳಗೆ ಇಣುಕಿ ಕಣ್ಣು ಹೊಡೆದಳು.

ಹೊರಗಿನ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬಳು ತೆಳ್ಳನೆಯವಳು, ಹೊಟ್ಟೆಯ ಮೇಲೆ ಕೈಚೀಲವನ್ನು ಅಡ್ಡ ಹಿಡಿದು, ಕೆಮ್ಮು ಬಂದರೂ ಕೆಮ್ಮಲು ಹೆದರುವ ಹಾಗೆ ನೆಟ್ಟಗೆ ಕೂತಿದ್ದಳು. ಅವಳೇ ವಚನಾ. ಪಕ್ಕದಲ್ಲಿ ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆಯ ಸೆರಗು ತಲೆಗೆಳೆದುಕೊಂಡ ಅರವತ್ತೈದರ ಹೆಂಗಸು ಅವಳ ಅತ್ತೆ ಶಾಂತವ್ವ. ವಿಜಯನಗರಕ್ಕೆ ಬಂದು ನಲವತ್ತು ವರ್ಷವಾದರೂ ಹಾವೇರಿಯ ಮಾತನ್ನು ಒಂದಕ್ಷರವೂ ಬಿಟ್ಟುಕೊಟ್ಟವಳಲ್ಲ. “ಗುರುವಾರ ಕೊಡ್ತೀವಿ ಅಂದಿದ್ರಿ, ಶುಕ್ರವಾರ ಆತು. ರಿಪೋರ್ಟ್ ಬರಿತೀರೋ, ಪುರಾಣ ಬರಿತೀರೋ?” ಅಂತ ರಿಸೆಪ್ಷನ್ ಹುಡುಗಿಯ ಮೇಲೆ ಹರಿಹಾಯುತ್ತಿದ್ದಳು.

ಪುಟ್ಟಲಕ್ಷ್ಮಿ ಇಬ್ಬರನ್ನೂ ರಕ್ತ ತೆಗೆಯುವ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಟೆಕ್ನಿಷಿಯನ್ನರು ರೋಗಿಗಳ ಜೊತೆ ಮಾತಾಡಬಾರದು ಅಂತ ಲ್ಯಾಬಿನ ನಿಯಮ. ಗೊತ್ತಾದರೆ ಕೆಲಸಕ್ಕೇ ಕುತ್ತು.

“ಒಂದು ಮಾತು ಕೇಳ್ತೀನಿ ಮೇಡಂ, ತಪ್ಪು ತಿಳ್ಕೋಬೇಡಿ. ಆಪರೇಷನ್ನಿಗೆ ಮುಂಚೆ ಈ ಗಡ್ಡೆಗೆ ಅಂತ ಬೇರೆ ಏನಾದ್ರೂ ಮಾಡ್ಸಿದ್ರಾ?”

“ಇಲ್ಲ,” ಅಂದಳು ವಚನಾ. ಕೈಚೀಲ ಇನ್ನಷ್ಟು ಬಿಗಿಯಾಯಿತು.

“ಇಲ್ಲವ್ವಾ, ಏನೂ ಇಲ್ಲ,” ಅಂತ ಶಾಂತವ್ವ ಬಾಯಿ ಹಾಕಿದಳು. “ನಾವು ಬ್ಯಾರೆ ಯಾವ ಡಾಕ್ಟರ್ ಕಡಿಗೂ ಹೋಗಿಲ್ಲ. ಯಾವ ದೊಡ್ಡ ಆಸ್ಪತ್ರಿಗೂ ಹೋಗಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪುಟ್ಟಲಕ್ಷ್ಮಿ ಬೇರೆ ಡಾಕ್ಟರ ವಿಷಯವನ್ನೂ ಎತ್ತಿರಲಿಲ್ಲ, ದೊಡ್ಡ ಆಸ್ಪತ್ರೆಯ ವಿಷಯವನ್ನೂ ಎತ್ತಿರಲಿಲ್ಲ. ಇವರು ಹೋಗಿದ್ದಾರೆ ಅನ್ನುವುದು ಅವಳಿಗೆ ಖಾತ್ರಿಯಾಯಿತು. ಆದರೆ ಯಾಕೆ ಮುಚ್ಚಿಡುತ್ತಿದ್ದಾರೆ? ಕದ್ದು ಮಾಡುವಂಥದ್ದಲ್ಲ, ನಾಚಿಕೊಳ್ಳುವಂಥದ್ದೂ ಅಲ್ಲ. ಆ ‘ಯಾಕೆ’ ತಲೆಗೆ ಬಂದದ್ದೇ ತಡ, ಅವಳಿಗೆ ತನ್ನ ಮನೆಯ ಯಜಮಾನರೇ ನೆನಪಾದರು. ಪುರುಷೋತ್ತಮ ಸಕ್ಕರೆ ಕಾಯಿಲೆಗೆ ವಿಜಯನಗರದ ಡಾಕ್ಟರ ಮಾತ್ರೆ ನುಂಗುತ್ತಾನೆ, ಕೆಂಗೇರಿಯ ಮುನಿಯಪ್ಪ ಕೊಡುವ ಕಷಾಯದ ಪುಡಿಯನ್ನೂ ಕುಡಿಯುತ್ತಾನೆ. ಇವರಿಗೆ ಅವರ ವಿಷಯ ಹೇಳುವುದಿಲ್ಲ, ಅವರಿಗೆ ಇವರ ವಿಷಯ ಹೇಳುವುದಿಲ್ಲ. ಯಾಕ್ರೀ ಅಂದರೆ, “ಡಾಕ್ಟ್ರು ಬೇಜಾರ್ ಮಾಡ್ಕೋತಾರೆ ಕಣೇ,” ಅಂತಾನೆ. ಪ್ರಾಣ ಹೋದರೂ ಸರಿ, ಡಾಕ್ಟರಿಗೆ ಬೇಜಾರಾಗಬಾರದು!

ಪುಟ್ಟಲಕ್ಷ್ಮಿ ಸ್ಟೂಲು ಎಳೆದುಕೊಂಡು ಶಾಂತವ್ವನ ಎದುರಿಗೆ ಕೂತಳು.

“ಅಮ್ಮಾ, ನಾನು ಡಾಕ್ಟರಲ್ಲ. ಗಡ್ಡೆ ಕೊಯ್ದು ಗಾಜಿನ ಮೇಲೆ ಅಂಟಿಸೋಳು. ನೀವು ಯಾರ ಹತ್ರ ಹೋಗಿದ್ರೂ ನನಗೆ ಒಂಚೂರೂ ಬೇಜಾರಿಲ್ಲ. ಆದ್ರೆ ನೀವು ಹೇಳದೇ ಇದ್ರೆ ನಮ್ಮ ಡಾಕ್ಟ್ರು ಇವತ್ತು ಸಂಜೆ ಅನುಮಾನ ಅಂತ ಬರೀತಾರೆ. ಬರೆದ್ರೆ ನಿಮ್ಮ ಸೊಸೆ ಗರ್ಭಕೋಶ ಹೋಗುತ್ತೆ.”

ವಚನಾ ಅತ್ತೆಯ ಮುಖ ನೋಡಿದಳು. ಶಾಂತವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕಡೆಗೆ ಬಾಯಿ ಬಿಟ್ಟಳು.

“ಆಕಿ ನಿಖಿತಾ ನಮ್ಮಣ್ಣ ರೇವಣಸಿದ್ದಪ್ಪನ ಮಗಳವ್ವಾ. ಈ ಕೈಯಾಗ ಎತ್ತಿ ಆಡಿಸೀನಿ. ಮನ್ಯಾಗ ಡಾಕ್ಟರ್ ಇಟ್ಕೊಂಡು ಹೊರಗ ಹೋಗೀವಿ ಅಂತ ಗೊತ್ತಾದ್ರ ಆಕಿ ಮನಸ್ಸಿಗೆ ಏನಾಗಬಾರದು? ನಮ್ಮಣ್ಣನ ಮುಂದ ನಾ ಹೆಂಗ ಮುಖ ಎತ್ತಲಿ?”

“ನಾನೇ ಬೇಡ ಅಂದಿದ್ದು,” ಅಂದಳು ವಚನಾ, ಮೆಲ್ಲಗೆ. “ನಿಖಿತಕ್ಕ ಹಬ್ಬಕ್ಕೆ ಮನೆಗೆ ಬರೋರು, ನನ್ನ ಎದುರಿಗೇ ಕೂತು ಊಟ ಮಾಡೋರು. ಅವರ ಮುಂದೆ ಹಾಗೆ ಮಲಗೋಕೆ ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಏಪ್ರಿಲ್ ರಜೆಯಲ್ಲಿ ಊರಾಚೆ ಒಂದು ಆಸ್ಪತ್ರೆಗೆ ಹೋದ್ವಿ. ನಾಲ್ಕು ಗಂಟೆ ಆ ಮೆಷಿನ್ ಮೇಲೆ ಬೋರಲು ಮಲಗಿಸಿದ್ರು. ಫೋಕಸ್ಡ್ ಅಲ್ಟ್ರಾಸೌಂಡ್. ಕೊಯ್ಯಲಿಲ್ಲ, ಹೊಲಿಗೆ ಹಾಕಲಿಲ್ಲ. ಎರಡು ದಿನಕ್ಕೆ ಮನೆಗೆಲಸ ಮಾಡ್ಕೊಂಡಿದ್ದೆ.”

ಪುಟ್ಟಲಕ್ಷ್ಮಿಗೆ ಎದ್ದು ಕುಣಿಯಬೇಕು ಅನಿಸಿತು. ಅದುಮಿಕೊಂಡು, “ಆಮೇಲೆ?” ಅಂದಳು.

ಆಮೇಲೆ ಜೂನ್ ಎರಡನೇ ವಾರ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನೋಡಿಸಿದ್ದರು. ಗಡ್ಡೆ ಅಲ್ಲೇ ಇತ್ತು. ಮಾಯವಾಗಿರುತ್ತದೆ ಅಂದುಕೊಂಡಿದ್ದವರಿಗೆ ಆಕಾಶವೇ ಕಳಚಿ ಬಿದ್ದಂತಾಗಿತ್ತು. ಮೋಸ ಹೋದೆವು ಅಂತ ಮನೆಯವರೆಲ್ಲ ಒಂದೇ ಸಮ ಅಂದರು. ಆಗ ಗತಿಯಿಲ್ಲದೆ ನಿಖಿತಾಳ ಹತ್ತಿರ ಹೋದರು. ‘ಹಿಂದೆ ಏನಾದರೂ ಮಾಡಿಸಿದ್ರಾ’ ಅಂತ ಅವಳು ಕೇಳಿದಾಗ, ಪಕ್ಕದಲ್ಲಿದ್ದ ಶಾಂತವ್ವ ಮೇಜಿನ ಕೆಳಗೆ ಸೊಸೆಯ ಕಾಲನ್ನು ಒತ್ತಿದ್ದಳು.

“ಮೇಷ್ಟ್ರಮ್ಮಾ, ನೀವು ಯಾವ ಪಾಠ ಹೇಳ್ಕೊಡ್ತೀರಿ?” ಅಂತ ಕೇಳಿದಳು ಪುಟ್ಟಲಕ್ಷ್ಮಿ. ವಚನಾಳ ಕೈಚೀಲದಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಣುಕುತ್ತಿತ್ತು.

“ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ.”

“ಚೆನ್ನಾಗಿದೆ!” ಅಂದಳು ಪುಟ್ಟಲಕ್ಷ್ಮಿ. ಬೈಯಬೇಕು ಅಂತಿದ್ದವಳು ಆ ಬಿಳಿಚಿದ ಮುಖ ನೋಡಿ ಅಷ್ಟಕ್ಕೇ ಬಿಟ್ಟಳು.

ಗಿರಿರಾಜರಿಗೆ ವಿಷಯ ತಿಳಿದಾಗ ಅವರು ಪುಟ್ಟಲಕ್ಷ್ಮಿಯನ್ನು ಗದರಿಸುವುದನ್ನು ಮರೆತೇಬಿಟ್ಟರು. ಕಾಗದಪತ್ರ ಬೇಕು ಅಂದರು. ವಚನಾ ತನ್ನ ಗಂಡ ಬಸವಕಿರಣನಿಗೆ ಫೋನು ಮಾಡಿದಳು. ಅವನು ಆಫೀಸಿನಿಂದ ಮನೆಗೆ ಓಡಿ, ಬೀರುವಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿದ್ದ ಆಸ್ಪತ್ರೆಯ ಫೈಲನ್ನು ಹುಡುಕಿ, ಒಂದೊಂದು ಹಾಳೆಯನ್ನೂ ಮೊಬೈಲಿನಲ್ಲಿ ಕಳಿಸಿದ. ತಾರೀಖು, ಶಾಖ ಕೊಟ್ಟ ಜಾಗದ ಚಿತ್ರ, ಗಡ್ಡೆಯ ಅಳತೆ, ಎಲ್ಲ ಇತ್ತು. ಆ ಚಿತ್ರದಲ್ಲಿ ಸತ್ತ ಭಾಗ ಕಪ್ಪಗೆ, ಉಳಿದ ಅಂಚು ಬೆಳ್ಳಗೆ ಕಾಣುತ್ತಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಅದನ್ನೂ, ಮಂಗಳವಾರ ತಾವು ತೆಗೆದ ಹೋಳಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟರು. ಅದೇ ಆಕಾರ, ಅದೇ ಗೆರೆ.

“ಕೆಂಪು ಗೆರೆ ಏನು ಗೊತ್ತಾ?” ಅಂದರು ಪುಟ್ಟಲಕ್ಷ್ಮಿಗೆ. ಈಗ ಅವರ ದನಿಯಲ್ಲಿ ಹೊಸ ಆಟಿಕೆ ಸಿಕ್ಕ ಹುಡುಗನ ಹುರುಪಿತ್ತು. “ಸುತ್ತಲಿನ ಜೀವಂತ ಭಾಗದಿಂದ ಸಣ್ಣ ರಕ್ತನಾಳಗಳು, ಕಸ ತಿನ್ನೋ ಜೀವಕೋಶಗಳು ಅಲ್ಲಿಗೆ ಬಂದು ಸತ್ತಿದ್ದನ್ನ ಅಂಚಿಂದ ಒಂದೊಂದಾಗಿ ತಿಂತಾ ಇವೆ. ಹತ್ತು ವಾರದ ಕೆಲಸ ಅದು. ಹಸಿ ಅಂಚಿಂದ ಇನ್ನೂ ಹತ್ತು ತುಂಡು ಕೊಯ್ದು ಕೊಡಿ. ಅದರಲ್ಲೂ ಕೆಟ್ಟದ್ದು ಕಾಣದೇ ಇದ್ರೆ ನಾನು ಧೈರ್ಯವಾಗಿ ಬರೀತೀನಿ.”

ಆ ತುಂಡುಗಳನ್ನು ಮೇಣಕ್ಕೆ ಹಾಕಿ ಸ್ಲೈಡು ಮಾಡಲು ಒಂದು ದಿನ ಬೇಕು. ರಿಪೋರ್ಟು ಶನಿವಾರಕ್ಕೆ ಹೋಯಿತು. ಶನಿವಾರ ಪುಟ್ಟಲಕ್ಷ್ಮಿ ಕೊಯ್ದ ಹಾಗೆ ಅವಳ ಜನ್ಮದಲ್ಲೇ ಕೊಯ್ದಿರಲಿಲ್ಲ. ಒಂದು ಮಡಿಕೆಯಿಲ್ಲ, ಒಂದು ಗೀರಿಲ್ಲ. ಡಾಕ್ಟರು ಹತ್ತನ್ನೂ ಮೂಲೆ ಮೂಲೆ ಜಾಲಾಡಿದರು. ಕಡೆಯದನ್ನು ಕೆಳಗಿಟ್ಟು, “ಸಾಧು,” ಅಂದರು. “ಪಕ್ಕಾ ಸಾಧು. ಶಾಖಕ್ಕೆ ಸತ್ತ ಫೈಬ್ರಾಯ್ಡ್, ಕ್ಯಾನ್ಸರ್ ಅಲ್ಲ.” ಪುಟ್ಟಲಕ್ಷ್ಮಿ ಕೈಗವಸು ತೆಗೆದು ಮೋರೆ ಒರೆಸಿಕೊಂಡಳು. ಅವಳು ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಬೆಳಿಗ್ಗೆಯಿಂದ ಬೆಂಚಿನಲ್ಲೇ ಕಾದಿದ್ದ ಅತ್ತೆ ಸೊಸೆಯರನ್ನು ಡಾಕ್ಟರು ಒಳಗೆ ಕರೆಸಿದರು. ವಿಷಯ ಕೇಳಿ ಶಾಂತವ್ವ ಎರಡೂ ಕೈ ಎತ್ತಿ, “ನಮ್ಮಪ್ಪಾ ಬಸವಣ್ಣಾ!” ಅಂದಳು. ಪುಟ್ಟಲಕ್ಷ್ಮಿಯ ಕೆನ್ನೆ ಸವರಿ ನೆಟಿಗೆ ಮುರಿದಳು. ವಚನಾ ಮಾತ್ರ ಮೈಕ್ರೋಸ್ಕೋಪನ್ನು ನೋಡುತ್ತಿದ್ದಳು.

“ನಾನು ನೋಡ್ಬಹುದಾ ಸಾರ್?”

ಡಾಕ್ಟರು ಗಡ್ಡೆಯ ನಡುಭಾಗದ ಸ್ಲೈಡನ್ನು ಅದರಲ್ಲಿಟ್ಟು, ಎದ್ದು ಜಾಗ ಬಿಟ್ಟರು. ಅವಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಗ್ಗಿದಳು. ನಸುಗೆಂಪು ಬಯಲು, ಅದರಲ್ಲಿ ಸಾಲು ಸಾಲು ಉದ್ದನೆಯ ಜೀವಕೋಶಗಳು, ಒಂದೊಂದರೊಳಗೂ ಮಂಕಾದ ನೀಲಿ ಚುಕ್ಕೆ. ಪುಸ್ತಕದಲ್ಲಿ ಮಕ್ಕಳಿಗೆ ತೋರಿಸುವ ಚಿತ್ರದ ಹಾಗೇ ಇತ್ತು.

“ಇವು ಚೆನ್ನಾಗೇ ಇವೆಯಲ್ಲ ಸಾರ್.”

“ಚೆನ್ನಾಗಿರೋ ಹಾಗೆ ಕಾಣುತ್ತೆ. ಇವು ಸತ್ತು ಹತ್ತು ವಾರ ಆಯ್ತು.”

“ಏಪ್ರಿಲಲ್ಲೇ?”

“ಏಪ್ರಿಲಲ್ಲೇ. ಅವತ್ತು ಆ ಮೆಷಿನ್ ಮೇಲೆ ಮಲಗಿದ್ರಲ್ಲ, ಆ ನಾಲ್ಕು ಗಂಟೆಯಲ್ಲೇ.”

ವಚನಾ ಕಣ್ಣು ತೆಗೆಯಲಿಲ್ಲ. ಮೈಕ್ರೋಸ್ಕೋಪಿನೊಳಕ್ಕೇ ಮಾತಾಡುವ ಹಾಗೆ ಕೇಳಿದಳು. “ಏಪ್ರಿಲಲ್ಲಿ ಎಂಟು ಸೆಂಟಿಮೀಟರ್ ಇತ್ತು. ಜೂನಲ್ಲಿ ಏಳು. ನಾವು ಇನ್ನೂ ಏಳಿದೆ ಅಂತ ಅತ್ವಿ. ಅದು ಕಮ್ಮಿ ಆಗ್ತಾ ಇತ್ತು, ಅಲ್ವಾ ಸಾರ್?”

ಗಿರಿರಾಜ್ ಅಳೆದೂ ಸುರಿದೂ ಹೇಳಿದರು. “ನಿಧಾನಕ್ಕೆ ಕರಗುತ್ತೆ. ಆರು ತಿಂಗಳು, ವರ್ಷ ಹಿಡಿಯುತ್ತೆ. ಅದನ್ನ ನೀವು ನಿಮ್ಮ ಡಾಕ್ಟರನ್ನ ಕೇಳಬೇಕು...”

“ಹಾಗಾದ್ರೆ ಕೊಯ್ಸೋದೇ ಬೇಕಿರಲಿಲ್ಲ.”

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ವಚನಾ ಪುಟ್ಟಲಕ್ಷ್ಮಿಯ ಕಡೆ ನೋಡಿದಳು. ಏನಾದರೂ ಹೇಳಿ ತೇಲಿಸಿಬಿಡೋಣ ಅಂತ ಪುಟ್ಟಲಕ್ಷ್ಮಿಗೆ ಅನಿಸಿತು. ಆದರೆ ಇಷ್ಟು ದಿನ ಎಲ್ಲರನ್ನೂ ಯಾಕೆ ಏನು ಅಂತ ಪೀಡಿಸಿದವಳು ಈಗ ಹೇಗೆ ಸುಳ್ಳು ಹೇಳಿಯಾಳು?

“ಬೇಕಿರಲಿಲ್ಲ ಅನ್ಸುತ್ತೆ ಮೇಷ್ಟ್ರಮ್ಮ,” ಅಂದಳು. “ಕಾದಿದ್ರೆ ಸಾಕಾಗ್ತಿತ್ತೇನೋ.”

ಶಾಂತವ್ವ ಧಪ್ಪನೆ ಕುರ್ಚಿಯಲ್ಲಿ ಕೂತಳು. ಇಷ್ಟು ಹೊತ್ತೂ ಆ ಕೋಣೆಯನ್ನು ತುಂಬಿದ್ದ ಅವಳ ದನಿ ಈಗ ಸಣ್ಣ ಹುಡುಗಿಯ ದನಿಯಾಗಿತ್ತು. “ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ನಿನ್ನ ಹೊಟ್ಟಿ ಕೊಯ್ಸಿದೆನಲ್ಲೇ, ತಾಯಿ. ಮ್ಯಾಲೆ ಗರ್ಭಚೀಲಾನೂ ಕಳೀತಿದ್ನಲ್ಲೇ...” ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಚನಾಳಿಗೆ ಸಿಟ್ಟು ಬಂದಿತ್ತು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು, ಬಿಗಿದ ಬೆರಳುಗಳಲ್ಲೂ ಕಾಣುತ್ತಿತ್ತು. ಒಂದು ನಿಮಿಷ ಅವಳು ಅತ್ತೆಯನ್ನು ನೋಡುತ್ತ ನಿಂತಳು. ಆಮೇಲೆ ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟಳು.

“ಹೇಳಬೇಡ ಅಂದಿದ್ದು ನೀವು. ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ನಾನು. ಏಳಿ ಅತ್ತೆ, ಅಳಬೇಡಿ,” ಅಂದಳು. ಕೈಚೀಲದಿಂದ ಮೊಬೈಲು ತೆಗೆದಳು.

ನಾನೇ ನಿಖಿತಾಗೆ ಫೋನು ಮಾಡುತ್ತೇನೆ, ನೀವು ಮಾಡಬೇಕಾಗಿಲ್ಲ ಅಂದರು ಗಿರಿರಾಜ್. ವಚನಾ ಬೇಡವೆಂದು ತಲೆಯಾಡಿಸಿ ತಾನೇ ನಂಬರು ಒತ್ತಿದಳು. ನಿಖಿತಾ ಮೊದಲ ರಿಂಗಿಗೇ ಎತ್ತಿಕೊಂಡಳು, ಕಾಯುತ್ತಾ ಕೂತಿದ್ದಿರಬೇಕು. ವಚನಾ ಸ್ಪೀಕರ್ ಒತ್ತಿ ಮೊಬೈಲನ್ನು ಮೈಕ್ರೋಸ್ಕೋಪಿನ ಪಕ್ಕ ಇಟ್ಟು, ಏಪ್ರಿಲಿನಿಂದ ಇವತ್ತಿನವರೆಗಿನದನ್ನು ಏನೂ ಬಿಡದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. ಕ್ಯಾನ್ಸರ್ ಅಲ್ಲವಂತೆ ಅಂತಲೂ ಹೇಳಿದಳು.

ಆಮೇಲೆ ನಿಖಿತಾ, “ಒಂದೇ ಒಂದು ಮಾತು ಹೇಳಿದ್ರೆ ನಾನು ಚಾಕು ಮುಟ್ತಿರ್ಲಿಲ್ಲ ವಚನಾ,” ಅಂದಳು. ಅವಳೂ ಅಳುತ್ತಿದ್ದಳು. “ಸೋಮವಾರಕ್ಕೆ ಥಿಯೇಟರ್ ಬುಕ್ ಮಾಡಿ ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ನಾನು.”

“ಗೊತ್ತು ಅಕ್ಕ. ತಪ್ಪಾಯ್ತು.”

ನಿಖಿತಾ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಡಾಕ್ಟರ ದನಿಯಲ್ಲಿ ಕೇಳಿದಳು. “ಸರಿ. ಹೊಲಿಗೆ ಹೇಗಿದೆ ಈಗ?”

“ಚೆನ್ನಾಗಿ...” ಅಂತ ವಚನಾ ಬಾಯಿ ತೆರೆದಳು. ಅಷ್ಟಕ್ಕೇ ನಿಲ್ಲಿಸಿ ತುಟಿ ಕಚ್ಚಿದಳು.

“ನೋಯ್ತಾ ಇದೆ ಅಕ್ಕ,” ಅಂದಳು ವಚನಾ. “ಎಡಗಡೆ. ಐದು ದಿನದಿಂದ ನೋಯ್ತಾ ಇದೆ. ನೀವು ಫೋನ್ ಮಾಡಿದಾಗೆಲ್ಲ ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತಿದ್ದೆ.”

“ಅಲ್ಲೇ ಕೂತಿರು,” ಅಂದಳು ನಿಖಿತಾ. “ಎಲ್ಲೂ ಹೋಗಬೇಡ, ನಾನೇ ಬರ್ತಾ ಇದೀನಿ.” ಫೋನಿನಲ್ಲಿ ಬೀಗದ ಕೈ ಎತ್ತಿಕೊಂಡ ಸದ್ದು ಕೇಳಿಸಿತು. ಪುಟ್ಟಲಕ್ಷ್ಮಿ ವಚನಾಳಿಗೆ ಒಳ್ಳೆಯ ಕುರ್ಚಿ ತರಲು ಹೊರಗೆ ಹೋದಳು.